ದೆವ್ವದ ಹಾಡಿಗೆ ಗುಡುಗು ಎಷ್ಟು ಬೇಕು?

ಪ್ರಶ್ನೆ: ನಮ್ಮದು ನಾಲ್ಕು ಜನರ ಬ್ಯಾಂಡ್. ಗಾಥಿಕ್ ಪಂಕ್ (ದೆವ್ವ, ಭಯದ ಕತೆಗಳ ವೇಗದ ರಾಕ್) ಶೈಲಿಯಲ್ಲಿ ಹತ್ತು ಹಾಡಿನ ಆಲ್ಬಮ್ ಮಾಡಿದ್ದೇವೆ. ಎಲ್ಲ ಹಾಡೂ ಒಂದೇ ಪಾಳುಬಂಗಲೆಯಲ್ಲಿ ನಡೆಯುತ್ತವೆ. ರೆಕಾರ್ಡಿಂಗ್ ಮನೆಯಲ್ಲೇ ಆಗಿದೆ. ಕೇಳುವವರಿಗೆ ಸ್ವಲ್ಪ ಭಯವೂ ಆಗಬೇಕು, ಮಜವೂ ಸಿಗಬೇಕು ಅನ್ನುವುದು ನಮ್ಮ ಆಸೆ. ಆದರೆ ಸ್ನೇಹಿತರು ಕೇಳಿ "ಹೆದರಿಕೆನೂ ಆಗಲಿಲ್ಲ, ನಗುನೂ ಬರಲಿಲ್ಲ" ಅಂದರು. ಪ್ರತಿ ಹಾಡಿನ ಶುರುವಿನಲ್ಲೂ ಗುಡುಗು, ಮಳೆ, ಬಾಗಿಲಿನ ಕಿರ್ರ್ ಸದ್ದು ಹಾಕಿದ್ದೇವೆ. ಇನ್ನೇನು ಸೇರಿಸಬೇಕು ಅಂತ ನಮ್ಮಲ್ಲೇ ಜಗಳ. ಚರ್ಚ್ ನಿಷೇಧಿಸಿದ್ದ 'ಸೈತಾನನ ಸ್ವರ'ವನ್ನು ಎಲ್ಲ ಕಡೆ ಹಾಕೋಣ ಅನ್ನುತ್ತಾನೆ ಗಿಟಾರ್ ನುಡಿಸುವವನು. 19 ಹರ್ಟ್ಸ್ (ಸೆಕೆಂಡಿಗೆ 19 ಸಲ ಕಂಪಿಸುವ) ಸದ್ದು ಕಿವಿಗೆ ಕೇಳಿಸದೆಯೇ ಭಯ ಹುಟ್ಟಿಸುತ್ತದೆ ಅಂತ ಬೇಸ್ ನುಡಿಸುವವಳು ಎಲ್ಲೋ ಓದಿದ್ದಾಳೆ. ವೇಗ ಇಳಿಸಿ ರಿವರ್ಬ್ (ದನಿಯ ಹಿಂದೆ ಉಳಿಯುವ ಕೋಣೆಯ ಗುಂಗು) ಸುರಿದರೆ ಸಾಕು ಅನ್ನುವುದು ಡ್ರಮ್ಮರ್ ವಾದ. ಹಾಡುವ ನನಗೆ ತಿರುಗುಮುರುಗಾಗಿ ಓಡುವ ದನಿ ಇಷ್ಟ. ಆದರೆ ಅದರಿಂದ ಕೇಳುವವರ ಮನಸ್ಸು ಕೆಡುತ್ತದೆ ಅಂತ ಮನೆಯವರಿಗೆ ಆತಂಕ. ಹಳೆಯ ಹಾರರ್ ಸಿನಿಮಾವೊಂದರ ಮಾತಿನ ತುಣುಕನ್ನೂ ಬಳಸಿದ್ದೇವೆ. ಯಾರ ಮಾತು ಕೇಳಲಿ? ಮೂರು ಹಾಡು ಕಳಿಸಿದ್ದೇನೆ.

ಉತ್ತರ: ಮೂರೂ ಹಾಡು ಕೇಳಿದೆ: ಕಾವಲುಗಾರನದು, ಕನ್ನಡಿಯದು, ಹಲ್ಲುನೋವಿನ ರಕ್ತಪಿಶಾಚಿಯದು. ಮೊದಲು ಸ್ಪೀಕರಿನಲ್ಲಿ, ಆಮೇಲೆ ಹೆಡ್‌ಫೋನಿನಲ್ಲಿ, ಕೊನೆಗೆ ಫೋನಿನಲ್ಲಿ. ಮಿಕ್ಸಿಂಗ್ ಮಾಡುವವರ ಅಭ್ಯಾಸ ಇದು.

ಇನ್ನೂ ಯಾವ ಸದ್ದು ಸೇರಿಸಿದರೆ ಭಯವೂ ತಮಾಷೆಯೂ ಒಟ್ಟಿಗೆ ಬರುತ್ತವೆ ಅನ್ನುವುದು ನಿಮ್ಮ ಪ್ರಶ್ನೆ. ನನ್ನ ಉತ್ತರ ನಿಮಗೆ ಸ್ವಲ್ಪ ಬೇಸರ ತರಬಹುದು. ನಿಮ್ಮ ಆಲ್ಬಮ್‌ಗೆ ಸೇರಿಸಬೇಕಾದ್ದು ಕಡಿಮೆ, ತೆಗೆಯಬೇಕಾದ್ದೇ ಜಾಸ್ತಿ. ತೆಗೆಯಬೇಕಾದವುಗಳಲ್ಲಿ ಮೊದಲನೆಯದು ನಿಮ್ಮ ನಗು.

ಕಾವಲುಗಾರನ ಹಾಡನ್ನೇ ತೆಗೆದುಕೊಳ್ಳಿ. ತಾನು ಸತ್ತಿರುವುದು ಗೊತ್ತಿಲ್ಲದ ಕಾವಲುಗಾರ ಪ್ರತಿ ರಾತ್ರಿ ಗೇಟಿಗೆ ಬೀಗ ಹಾಕುತ್ತಾನೆ, ಬೆಳಗ್ಗೆ ಯಾರೂ ತನಗೆ ಸಂಬಳ ಕೊಡುತ್ತಿಲ್ಲ ಅಂತ ಗೊಣಗುತ್ತಾನೆ. ಎಂಥ ಒಳ್ಳೆಯ ಕಲ್ಪನೆ! ನಗು ಬರುತ್ತದೆ, ಹಿಂದೆಯೇ ಅಯ್ಯೋ ಪಾಪ ಅನಿಸುತ್ತದೆ, ಅದರ ಹಿಂದೆ ಒಂದು ಸಣ್ಣ ನಡುಕ. ಆದರೆ ಸಂಬಳದ ಸಾಲು ಮುಗಿಯುತ್ತಿದ್ದ ಹಾಗೆ ನೀವು "ಹ್ಹ ಹ್ಹ ಹ್ಹಾ" ಅಂತ ಖಳನಾಯಕನ ನಗು ನಕ್ಕಿದ್ದೀರಿ. ಅಲ್ಲಿಗೆ ಕಾವಲುಗಾರ ಮಾಯ. ಉಳಿದದ್ದು ಮೈಕ್ ಮುಂದೆ ನಿಂತ ನೀವು. ದೆವ್ವದ ಕತೆ ಹೇಳುವವನೇ ಮೊದಲು ನಕ್ಕರೆ ಕೇಳುವವರಿಗೆ ಹೆದರಲೂ ಆಗುವುದಿಲ್ಲ, ನಗಲೂ ಆಗುವುದಿಲ್ಲ. ಸ್ನೇಹಿತರು ಹೇಳಿದ್ದು ಇದನ್ನೇ, ಅಲ್ವಾ?

ಈ ಶೈಲಿಯ ಹಿರಿಯರನ್ನು ನೋಡಿ. 1950ರ ದಶಕದಲ್ಲಿ ಅಮೆರಿಕದ ಗಾಯಕ ಸ್ಕ್ರೀಮಿನ್ ಜೇ ಹಾಕಿನ್ಸ್ ಶವಪೆಟ್ಟಿಗೆಯೊಳಗಿಂದ ಎದ್ದು ಬಂದು ಹಾಡುತ್ತಿದ್ದರು. ನೋಡುವವರಿಗೆ ಅದು ಹಾಸ್ಯ ಅಂತ ಗೊತ್ತಿತ್ತು. ಆದರೆ ಅವರ ಗಂಟಲಿನಲ್ಲಿ ಹಾಸ್ಯ ಇರಲಿಲ್ಲ, ನಿಜವಾಗಿಯೂ ಹುಚ್ಚು ಹಿಡಿದವರ ಹಾಗೆ ಕೂಗುತ್ತಿದ್ದರು. ಬ್ರಿಟನ್ನಿನ ಪಂಕ್ ಬ್ಯಾಂಡ್ ದಿ ಡ್ಯಾಮ್ಡ್‌ನ ಡೇವ್ ವೇನಿಯನ್ ಹಾಡುಗಾರನಾಗುವ ಮೊದಲು ಗೋರಿ ತೋಡುವ ಕೆಲಸ ಮಾಡಿದವರು. ರಕ್ತಪಿಶಾಚಿಯ ವೇಷದಲ್ಲಿ ವೇದಿಕೆಗೆ ಬಂದರೂ ಹಾಡನ್ನು ಅಚ್ಚುಕಟ್ಟಾದ, ಗಂಭೀರ ದನಿಯಲ್ಲೇ ಹಾಡುತ್ತಾರೆ. ವೇಷ ಅತಿಯಾಗಿರಲಿ, ಪರವಾಗಿಲ್ಲ. ವೇಷ ಹಾಕಿದವನು ಅದನ್ನು ನಂಬಿರಬೇಕು, ಅಷ್ಟೇ.

ಈಗ ನಿಮ್ಮ ಬ್ಯಾಂಡಿನ ಜಗಳಕ್ಕೆ ಬರೋಣ. ಗಿಟಾರ್ ಗೆಳೆಯ ಹೇಳುವ 'ಸೈತಾನನ ಸ್ವರ' ಅಂದರೆ ಟ್ರೈಟೋನ್, ಷಡ್ಜದಿಂದ ಪ್ರತಿಮಧ್ಯಮಕ್ಕೆ ಇರುವಷ್ಟು ದೂರ. ಗಿಟಾರಿನಲ್ಲಿ ಒಂದೇ ತಂತಿಯ ಮೇಲೆ ಆರು ಮನೆ. ಚರ್ಚ್ ಇದನ್ನು ನಿಷೇಧಿಸಿತ್ತು, ನುಡಿಸಿದವರನ್ನು ಶಿಕ್ಷಿಸಿತ್ತು ಅನ್ನುವುದು ಕಟ್ಟುಕತೆ. ಅಂಥ ನಿಷೇಧಕ್ಕೆ ಯಾವ ದಾಖಲೆಯೂ ಇಲ್ಲ. ಹಾಡಲು ಕಷ್ಟ, ಕಿವಿಗೆ ಒರಟು ಅಂತ ಸಂಗೀತ ಕಲಿಸುವವರು ಅದನ್ನು ದೂರ ಇಡಿಸುತ್ತಿದ್ದರು. 'ಸಂಗೀತದೊಳಗಿನ ಸೈತಾನ' ಅನ್ನುವ ಲ್ಯಾಟಿನ್ ಹೆಸರು ಪುಸ್ತಕಗಳಲ್ಲಿ ಕಾಣಿಸುವುದು 18ನೇ ಶತಮಾನದ ಹೊತ್ತಿಗೆ. ಅದೂ ವಿದ್ಯಾರ್ಥಿಗಳಿಗೆ ಕೊಟ್ಟ ಎಚ್ಚರಿಕೆಯ ಮಾತಾಗಿ. ಇದೇ ಅಂತರ ಬ್ಲೂಸ್‌ನಲ್ಲಿ ತುಂಬಿಕೊಂಡಿದೆ. ಕಲ್ಯಾಣಿ ರಾಗದಲ್ಲೂ ಇದೆ, ಅದನ್ನು ಕೇಳಿ ಯಾರೂ ಎದ್ದು ಓಡಿದ್ದು ನಾನು ಕಂಡಿಲ್ಲ. ಟ್ರೈಟೋನ್ ಹೆದರಿಸಬೇಕಾದರೆ ಅದು ಬರುವ ಜಾಗ ಮುಖ್ಯ. ನಿಧಾನವಾಗಿ, ಒಂಟಿಯಾಗಿ, ಪರಿಹಾರ ಸಿಗದ ಹಾಗೆ ನಿಂತಾಗ ಕಿವಿ ಚಡಪಡಿಸುತ್ತದೆ. ಪ್ರತಿ ರಿಫ್‌ನಲ್ಲೂ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕಿನಲ್ಲೂ) ಹಾಕಿದರೆ ಎರಡನೇ ಹಾಡಿನ ಹೊತ್ತಿಗೆ ಅದು ಮಾಮೂಲಿ ಸ್ವರ. ಇಡೀ ಆಲ್ಬಮ್‌ನಲ್ಲಿ ಎರಡೋ ಮೂರೋ ಕಡೆ ಸಾಕು.

19 ಹರ್ಟ್ಸ್ ಕತೆಗೆ ಒಂದು ಬುಡ ಇದೆ. ವಿಕ್ ಟ್ಯಾಂಡಿ ಅನ್ನುವ ಬ್ರಿಟಿಷ್ ಎಂಜಿನಿಯರ್ ತಮ್ಮ ಪ್ರಯೋಗಾಲಯದಲ್ಲಿ ಮೈ ಜುಮ್ಮೆನ್ನುವ ಅನುಭವ ಆಗಿ, ಕಣ್ಣಂಚಿನಲ್ಲಿ ಬೂದು ಆಕೃತಿ ಕಂಡಂತಾಗಿ ಕಾರಣ ಹುಡುಕಿದರು. ಮೇಜಿನ ಬಿಗಿಹಿಡಿಕೆಗೆ (ವೈಸ್) ಸಿಕ್ಕಿಸಿಟ್ಟಿದ್ದ ಕತ್ತಿವರಸೆಯ ಕತ್ತಿ ತಾನಾಗಿಯೇ ಅಲುಗಾಡುತ್ತಿತ್ತಂತೆ. ಕೊನೆಗೆ ಸಿಕ್ಕಿದ್ದು ಒಂದು ಫ್ಯಾನ್. ಅದರ ಕಂಪನ ಆ ಕೋಣೆಯಲ್ಲಿ ಸುಮಾರು 19 ಹರ್ಟ್ಸ್ ಅಲೆಯಾಗಿ ನಿಂತಿತ್ತು. 1998ರಲ್ಲಿ ಅವರು ಇದನ್ನು ಪ್ರಕಟಿಸಿದರು. ಓದಲು ಬಹಳ ಸೊಗಸಾದ ಘಟನೆ. ಆದರೆ ಅಷ್ಟರಿಂದಲೇ ಅದು ಭಯದ ಸೂತ್ರ ಆಗುವುದಿಲ್ಲ. ಅದೂ ಅಲ್ಲದೆ ನಿಮ್ಮ ಕೇಳುಗರ ಹತ್ತಿರ ಆ ಕೋಣೆಯೂ ಇಲ್ಲ, ಆ ಫ್ಯಾನೂ ಇಲ್ಲ. ಮನೆಯ ಸಾಮಾನ್ಯ ಸ್ಪೀಕರ್ 40–50 ಹರ್ಟ್ಸ್ ಕೆಳಗೆ ಕೈಚೆಲ್ಲುತ್ತದೆ. ಫೋನಿನ ಸ್ಪೀಕರ್ ಅದಕ್ಕಿಂತ ಎಷ್ಟೋ ಮೇಲೆಯೇ ಸುಮ್ಮನಾಗುತ್ತದೆ. ಹಾಗಿದ್ದೂ ಹಾಕಿದರೆ ನಷ್ಟ ನಿಮಗೇ. ಕೇಳಿಸದ ಆ ಅಲೆ ಮಿಕ್ಸ್‌ನಲ್ಲಿ ಜಾಗ ತಿನ್ನುತ್ತದೆ, ಲಿಮಿಟರ್ (ಸದ್ದು ಮಿತಿ ಮೀರದಂತೆ ತಡೆಯುವ ಸಾಧನ) ಅದಕ್ಕೇ ಪ್ರತಿಕ್ರಿಯಿಸಿ ಇಡೀ ಹಾಡನ್ನು ಒತ್ತಿ ಚಿಕ್ಕದು ಮಾಡುತ್ತದೆ. ಬೇಸ್‌ಗೆ ಕೆಲಸ ಬೇಕಿದ್ದರೆ ಬೇರೆ ಕೊಡುತ್ತೇನೆ, ಮುಂದೆ ಹೇಳುತ್ತೇನೆ.

ತಿರುಗುಮುರುಗು ದನಿಯ ಬಗ್ಗೆ ಮನೆಯವರ ಆತಂಕ ಹೊಸದಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿ ಇದೇ ದೊಡ್ಡ ಗಲಾಟೆಯಾಗಿತ್ತು. 1990ರಲ್ಲಿ ನೆವಾಡಾ ರಾಜ್ಯದ ರೀನೋ ನಗರದಲ್ಲಿ ಜೂಡಸ್ ಪ್ರೀಸ್ಟ್ ಬ್ಯಾಂಡಿನ ಮೇಲೆ ಮೊಕದ್ದಮೆ ನಡೆಯಿತು. ಹಾಡಿನಲ್ಲಿ ಅಡಗಿಸಿದ ಮಾತುಗಳೇ ಇಬ್ಬರು ಯುವಕರ ಆತ್ಮಹತ್ಯೆ ಯತ್ನಕ್ಕೆ ಕಾರಣ ಅನ್ನುವುದು ಆರೋಪ. ನ್ಯಾಯಾಧೀಶರು ಅದನ್ನು ಒಪ್ಪಲಿಲ್ಲ. ಅದಕ್ಕೂ ಮೊದಲು, 1985ರಲ್ಲಿ, ಕೆನಡಾದ ಮನೋವಿಜ್ಞಾನಿಗಳಾದ ಜಾನ್ ವೋಕಿ ಮತ್ತು ಡಾನ್ ರೀಡ್ ಇದನ್ನು ಪರೀಕ್ಷಿಸಿ ನೋಡಿದ್ದರು. ತಿರುಗಿಸಿದ ಮಾತಿನಿಂದ ದನಿ ಗಂಡಸಿನದೋ ಹೆಂಗಸಿನದೋ ಅನ್ನುವುದನ್ನು ಕೇಳುಗರು ಹೇಳಬಲ್ಲರು. ಅರ್ಥ ಮಾತ್ರ ತಲೆಗೆ ಇಳಿಯುವುದಿಲ್ಲ, ಗೊತ್ತಿದ್ದೂ ಇಲ್ಲ, ಗೊತ್ತಿಲ್ಲದೆಯೂ ಇಲ್ಲ. ಹೀಗಂತ ಮನೆಯಲ್ಲಿ ಹೇಳಿ.

ಆದರೆ ಒಂದು ಹಾಡುಪೂರ್ತಿ ತಿರುಗಿಸಿದ ಮಾತು ಹಾಕಬೇಡಿ. ಭಯಕ್ಕಿಂತ ಬೇಸರ ಜಾಸ್ತಿ. ಬದಲಿಗೆ ತಿರುಗಿಸಿದ ರಿವರ್ಬ್ ಬಳಸಿ. ಮಾಡುವುದು ಸುಲಭ. ನೀವು ಹಾಡಿದ ಸಾಲಿನ ಮೊದಲ ಪದವನ್ನು ಕತ್ತರಿಸಿ ಬೇರೆ ಟ್ರ್ಯಾಕ್‌ಗೆ ಹಾಕಿ. ಅದನ್ನು ತಿರುಗಿಸಿ. ಮೇಲೆ ಉದ್ದದ ರಿವರ್ಬ್ ಹಾಕಿ, ರಿವರ್ಬ್ ಮಾತ್ರ ರೆಕಾರ್ಡ್ ಮಾಡಿಕೊಳ್ಳಿ. ಹಾಗೆ ಬಂದದ್ದನ್ನು ಮತ್ತೆ ತಿರುಗಿಸಿ ಆ ಪದಕ್ಕಿಂತ ಮೊದಲು ಬರುವ ಹಾಗೆ ಕೂರಿಸಿ. ಈಗ ಪದ ಬರುವ ಮೊದಲೇ ಅದರ ನೆರಳು ಉಸಿರು ಎಳೆದುಕೊಂಡ ಹಾಗೆ ಉಬ್ಬುತ್ತಾ ಬರುತ್ತದೆ, ಪದ ಸಿಕ್ಕ ತಕ್ಷಣ ನಿಲ್ಲುತ್ತದೆ. ಕನ್ನಡಿಯ ಹಾಡಿನಲ್ಲಿ "ಯಾರು?" ಅನ್ನುವ ಒಂದೇ ಮಾತಿಗೆ ಇದನ್ನು ಮಾಡಿ ನೋಡಿ. ಮತ್ತೆಲ್ಲೂ ಮಾಡಬೇಡಿ.

ಡ್ರಮ್ಮರ್ ಹೇಳಿದ್ದರಲ್ಲಿ ಅರ್ಧ ಸರಿ ಇದೆ, ಅರ್ಧ ಅಪಾಯ. ಲೆಕ್ಕ ಹಾಕಿ. ಕಾವಲುಗಾರನ ಹಾಡು ನಿಮಿಷಕ್ಕೆ 180 ಬೀಟ್ ಇದೆ. ಒಂದು ಬೀಟ್ ಅಂದರೆ ಸೆಕೆಂಡಿನ ಮೂರನೇ ಒಂದು ಭಾಗ. ದನಿಗೆ 3 ಸೆಕೆಂಡಿನ ರಿವರ್ಬ್ ಹಾಕಿದರೆ ಒಂದೊಂದು ಪದದ ಬಾಲವೂ ಮುಂದಿನ 9 ಬೀಟ್‌ಗಳ ಮೇಲೆ ಎಳೆದುಕೊಂಡು ಹೋಗುತ್ತದೆ. ಅಷ್ಟರಲ್ಲಿ ನೀವು ಇನ್ನೊಂದು ಸಾಲೇ ಹಾಡಿ ಮುಗಿಸಿರುತ್ತೀರಿ. ಮಾತು ಕೇಳಿಸದಿದ್ದರೆ ಕಾವಲುಗಾರನ ಸಂಬಳದ ವಿಷಯ ಯಾರಿಗೆ ಗೊತ್ತಾಗಬೇಕು? ಜೋರು ಹಾಡಿಗೆ 100ರಿಂದ 120 ಮಿಲಿಸೆಕೆಂಡಿನ ಒಂದೇ ಒಂದು ಪ್ರತಿಧ್ವನಿ ಸಾಕು. ಖಾಲಿ ಗೋಡೆಗೆ ಬಡಿದು ಬಂದ ಹಾಗಿರುತ್ತದೆ, ಮಾತೂ ಉಳಿಯುತ್ತದೆ. ಉದ್ದದ ರಿವರ್ಬ್ ಬೇಕೇ ಬೇಕು ಅಂದರೆ ಸಾಲಿನ ಕೊನೆಯ ಪದಕ್ಕೆ ಮಾತ್ರ ಕೊಡಿ. ಅದಕ್ಕೂ 40 ಮಿಲಿಸೆಕೆಂಡಿನಷ್ಟು ಪ್ರಿ-ಡಿಲೇ ಇಡಿ, ಪದ ಮೊದಲು ಕೇಳಿಸಿ ಆಮೇಲೆ ಕೋಣೆ ಕೇಳಿಸಲಿ. ರಿವರ್ಬ್‌ನಿಂದ 300 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ಇಲ್ಲದಿದ್ದರೆ ಬೇಸ್ ಮತ್ತು ಕಿಕ್ ಡ್ರಮ್ ಎರಡೂ ಕೆಸರಿನಲ್ಲಿ ಹೂತುಹೋಗುತ್ತವೆ.

ವೇಗ ಎಲ್ಲ ಕಡೆ ಇಳಿಸಿದರೆ ಪಂಕ್ ಹೋಗಿ ಬರೀ ಗಾಥಿಕ್ ಉಳಿಯುತ್ತದೆ. ಅದು ತಪ್ಪಲ್ಲ, ಆದರೆ ಬೇರೆ ದಾರಿ. ಗಾಥಿಕ್ ರಾಕ್‌ಗೆ ಬುನಾದಿ ಹಾಕಿದ ಬೌಹೌಸ್ ಬ್ಯಾಂಡಿನ 1979ರ ಮೊದಲ ಸಿಂಗಲ್ ಒಂಬತ್ತು ನಿಮಿಷಕ್ಕೂ ಉದ್ದ. ಹಾಡುಗಾರ ಬಾಯಿ ಬಿಡುವುದೇ ಸುಮಾರು ಮೂರು ನಿಮಿಷ ಆಗುತ್ತ ಬಂದಾಗ. ಅಲ್ಲಿ ಕಾಯಿಸುವುದೇ ಭಯ. ಆ ಕಡೆ ಅಮೆರಿಕದ ಹಾರರ್ ಪಂಕ್ ಬ್ಯಾಂಡ್ ಮಿಸ್‌ಫಿಟ್ಸ್ 1982ರ ಆಲ್ಬಮ್‌ನಲ್ಲಿ 13 ಹಾಡುಗಳನ್ನು ಸುಮಾರು 25 ನಿಮಿಷದಲ್ಲಿ ಮುಗಿಸಿಬಿಟ್ಟರು. ಅಲ್ಲಿ ಉಸಿರಾಡಲು ಬಿಡದಿರುವುದೇ ಮಜ. ನಿಮ್ಮ ಬರವಣಿಗೆ ಎರಡನೆಯದಕ್ಕೆ ಹತ್ತಿರ. ಹಾಗಾಗಿ ಕನ್ನಡಿಯ ಹಾಡೊಂದನ್ನು ಮಾತ್ರ ನಿಧಾನ ಮಾಡಿ. ಅದಕ್ಕೂ ವೇಗ ಬದಲಿಸಬೇಕಾಗಿಲ್ಲ. ಬೀಟ್ ಅದೇ ಇರಲಿ, ಸ್ನೇರ್ (ಚಟ್ ಅನ್ನುವ ಡ್ರಮ್) ಎರಡನೇ ಮತ್ತು ನಾಲ್ಕನೇ ಏಟಿಗೆ ಬೀಳುವ ಬದಲು ಮೂರನೆಯದಕ್ಕೆ ಮಾತ್ರ ಬೀಳಲಿ. ಹಾಡು ಅರ್ಧ ವೇಗಕ್ಕೆ ಇಳಿದ ಹಾಗೆ ಕೇಳಿಸುತ್ತದೆ. ಕೊನೆಯ ಕೋರಸ್‌ನಲ್ಲಿ ಮತ್ತೆ ಪೂರ್ತಿ ವೇಗ ಬಿಟ್ಟರೆ ಬಂಗಲೆಯಿಂದ ಎದ್ದು ಓಡಿದ ಹಾಗಾಗುತ್ತದೆ.

ಗುಡುಗಿನ ವಿಷಯ ಬೇಗ ಮುಗಿಸುತ್ತೇನೆ. ದಿಢೀರ್ ಸದ್ದಿಗೆ ಮೈ ಬೆಚ್ಚುವುದು ಸಹಜ. ಅದೇ ಸದ್ದು ಮತ್ತೆ ಮತ್ತೆ ಬಂದರೆ ಬೆಚ್ಚುವುದು ಕಡಿಮೆಯಾಗುತ್ತಾ ಹೋಗುವುದೂ ಅಷ್ಟೇ ಸಹಜ. ಹತ್ತು ಹಾಡಿಗೆ ಹತ್ತು ಗುಡುಗು ಅಂದರೆ ಮೂರನೆಯದಕ್ಕೇ ಅದು ಹವಾಮಾನ ವರದಿ. ಒಂಬತ್ತನ್ನು ತೆಗೆಯಿರಿ. ನಿಮ್ಮ ಗುಡುಗು ರೆಡಿಮೇಡ್ ಸದ್ದಿನ ಸಂಗ್ರಹದಿಂದ ಬಂದದ್ದು ಅನ್ನುವುದೂ ಗೊತ್ತಾಗುತ್ತದೆ. ಮಳೆ ಸ್ಟೀರಿಯೊದಲ್ಲಿ ಅಗಲವಾಗಿದೆ, ನಿಮ್ಮ ಬ್ಯಾಂಡ್ ಪುಟ್ಟ ಕೋಣೆಯಲ್ಲಿದೆ. ಎರಡೂ ಒಂದೇ ಮನೆಯಲ್ಲಿ ಇದ್ದ ಹಾಗೆ ಅನಿಸುವುದೇ ಇಲ್ಲ.

ಸದ್ದುಗಳನ್ನು ನೀವೇ ಮಾಡಿ. ಬಾಬಿ ಪಿಕೆಟ್ 1962ರಲ್ಲಿ ಮಾಡಿದ ದೆವ್ವದ ತಮಾಷೆ ಹಾಡು ಅಮೆರಿಕದಲ್ಲಿ ನಂಬರ್ ಒಂದಕ್ಕೆ ಏರಿತ್ತು. ಅದರಲ್ಲಿ ಶವಪೆಟ್ಟಿಗೆ ತೆರೆಯುವ ಸದ್ದಿಗೆ ಮರದ ಹಲಗೆಯಿಂದ ತುಕ್ಕು ಹಿಡಿದ ಮೊಳೆ ಕಿತ್ತಿದ್ದರು. ಕಡಾಯಿ ಕುದಿಯುವುದಕ್ಕೆ ನೀರಿನಲ್ಲಿ ಸ್ಟ್ರಾ ಹಾಕಿ ಊದಿದ್ದರು. ಸರಪಳಿಯನ್ನು ನಿಜವಾಗಿಯೂ ನೆಲದ ಮೇಲೆ ಬೀಳಿಸಿದ್ದರು. ನಿಮ್ಮ ಬಂಗಲೆಗೆ ಇಂಥದ್ದೊಂದು ಸದ್ದು ಈಗಾಗಲೇ ಇದೆ, ನೀವು ಬಳಸಿಲ್ಲ ಅಷ್ಟೇ. ಕಾವಲುಗಾರನ ಬೀಗದ ಕೈ ಗೊಂಚಲು! ಅದನ್ನು ಹಾಡು ನುಡಿಸಿದ ಕೋಣೆಯಲ್ಲೇ, ಮೈಕಿನಿಂದ ಒಂದು ಮಾರು ದೂರದಲ್ಲಿ ಹಿಡಿದು ಅಲ್ಲಾಡಿಸಿ ರೆಕಾರ್ಡ್ ಮಾಡಿ. ಕಾವಲುಗಾರನ ಹಾಡಿನಲ್ಲಿ ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಟ್ಟೆ) ಬದಲು ಅದೇ ತಾಳ ಹಿಡಿಯಲಿ. ಆಮೇಲೆ ಬೇರೆ ಎರಡು ಹಾಡುಗಳ ನಡುವಿನ ಮೌನದಲ್ಲಿ ಒಂದೇ ಸಲ ದೂರದಿಂದ ಝಣ್ ಅನ್ನಲಿ. ಏನೂ ವಿವರಿಸಬೇಡಿ. ಅವನು ಇನ್ನೂ ಸುತ್ತುತ್ತಿದ್ದಾನೆ ಅಂತ ಕೇಳುವವರಿಗೆ ಗೊತ್ತಾಗುತ್ತದೆ. ನಗುತ್ತಾರೆ, ಆಮೇಲೆ ಒಂದು ಸಲ ಹಿಂದೆ ತಿರುಗಿ ನೋಡುತ್ತಾರೆ.

ಈಗ ಹಲ್ಲುನೋವಿನ ರಕ್ತಪಿಶಾಚಿ. ಮೂರರಲ್ಲಿ ನನಗೆ ಹೆಚ್ಚು ಇಷ್ಟವಾದ ಹಾಡು ಇದು, ಹೆಚ್ಚು ಕೆಟ್ಟಿರುವುದೂ ಇದೇ. ರಿಫ್ ಭಾರ, ದನಿ ಗಡುಸು, ಸ್ವರ ಎಲ್ಲ ಮೈನರ್, ಅಂದರೆ ದುಃಖದ ಛಾಯೆಯವು. ಪದಗಳು ಮಾತ್ರ ತಮಾಷೆ. ಸಂಗೀತ ಅಳುತ್ತಿರುವಾಗ ಪದ ಕಚಗುಳಿ ಇಟ್ಟರೆ ಯಾರಿಗೂ ತಾಗುವುದಿಲ್ಲ. ಉಲ್ಟಾ ಮಾಡಿ. ಗಿಟಾರಿನಲ್ಲಿ ನೀವು ನುಡಿಸುತ್ತಿರುವುದು ಪವರ್ ಕಾರ್ಡ್. ಅದರಲ್ಲಿ ಇರುವುದು ಮೂಲ ಸ್ವರ ಮತ್ತು ಪಂಚಮ ಮಾತ್ರ, ಗಾಂಧಾರ ಇಲ್ಲ. ಅಂದರೆ ಅದು ಮೇಜರೂ ಅಲ್ಲ, ಮೈನರೂ ಅಲ್ಲ. ಯಾವುದು ಅನ್ನುವುದನ್ನು ನಿರ್ಧರಿಸುವುದು ಅದರ ಮೇಲೆ ಹಾಡುವ ನೀವು, ಕೆಳಗೆ ಓಡುವ ಬೇಸ್. ಬೇಸ್‌ಗೆ ಕೊಡುತ್ತೇನೆ ಅಂದ ಕೆಲಸ ಇದು. ಅವಳು ಮೇಜರ್ ಗಾಂಧಾರವನ್ನು ಮುಟ್ಟಿ ಹೋಗಲಿ, ನೀವು 1950ರ ದಶಕದ ಪ್ರೇಮಗೀತೆಗಳ ಹಾಗೆ ಸಿಹಿಯಾಗಿ, ಉದ್ದ ಎಳೆದು ಹಾಡಿ. ಹಿಂದೆ ಮೂವರೂ ಸೇರಿ "ಓ... ಓ..." ಅನ್ನಿ. ಮಿಸ್‌ಫಿಟ್ಸ್ ಮಾಡಿದ್ದು ಇದನ್ನೇ. ಪದಗಳಲ್ಲಿ ರಕ್ತ, ಹೆಣ, ರಾಗದಲ್ಲಿ ಹಳೆಯ ಕಾಲದ ಇಂಪು. ಹಲ್ಲು ನೋವಿಗೆ ರಾತ್ರಿಯೆಲ್ಲ ಉಪವಾಸ ಇರುವ ರಕ್ತಪಿಶಾಚಿ ಇಂಪಾಗಿ ಅತ್ತರೆ ಆ ಹಾಡನ್ನು ಜನ ಗುನುಗುತ್ತಾರೆ. ಗುನುಗುತ್ತಾ ಇರುವಾಗ ಬಾಯಲ್ಲಿ ಬರುತ್ತಿರುವ ಪದ ಯಾವುದು ಅಂತ ಗೊತ್ತಾದ ಕ್ಷಣ ಇದೆಯಲ್ಲ, ನೀವು ಹುಡುಕುತ್ತಿರುವುದು ಅದನ್ನೇ.

ಕಿರುಚಾಟದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕನ್ನಡಿಯ ಹಾಡಿನ ಕಿರುಚಾಟ ಒಳ್ಳೆಯದಿದೆ, ಆದರೆ ಕೇಳಿಸುವುದಿಲ್ಲ. 2015ರಲ್ಲಿ ನರವಿಜ್ಞಾನಿ ಲೂಕ್ ಆರ್ನಲ್ ಮತ್ತು ಸಂಗಡಿಗರು ತೋರಿಸಿದ ಪ್ರಕಾರ, ಕಿರುಚಾಟವನ್ನು ಉಳಿದ ಸದ್ದುಗಳಿಂದ ಬೇರೆ ಮಾಡುವುದು ಅದರ ಒರಟುತನ. ಸದ್ದಿನ ಮಟ್ಟ ಸೆಕೆಂಡಿಗೆ 30ರಿಂದ 150 ಸಲ ಏರಿಳಿಯುತ್ತಿರುತ್ತದೆ, ಮಿದುಳು ಅದನ್ನು ಅಪಾಯದ ಗುರುತು ಅಂತ ಹಿಡಿಯುತ್ತದೆ. ಡಿಸ್ಟಾರ್ಷನ್ ಹಾಕಿದ ಗಿಟಾರೂ ಒರಟೇ. ಎರಡನ್ನೂ ಒಟ್ಟಿಗೆ ಬಿಟ್ಟರೆ ಕಿರುಚಾಟ ಗಿಟಾರಿನಲ್ಲಿ ಕರಗಿಹೋಗುತ್ತದೆ. ಕಿರುಚುವ ಮೊದಲು ಅರ್ಧ ಬಾರ್ ಗಿಟಾರ್ ನಿಲ್ಲಿಸಿ. ಪಿಚ್ ತಿದ್ದುವ, ಗದ್ದಲ ತೆಗೆಯುವ ಸಾಫ್ಟ್‌ವೇರನ್ನು ಅದರ ಮೇಲೆ ಬಿಡಬೇಡಿ. ನುಣುಪು ಮಾಡಿದ ಕಿರುಚಾಟ ಸಿಳ್ಳೆಯ ಹಾಗೆ ಕೇಳಿಸುತ್ತದೆ. ಆದರೆ ಹೆಡ್‌ಫೋನಿನಲ್ಲಿ ಕೇಳುವವರ ಕಿವಿಯನ್ನೂ ನೆನಪಿಡಿ. ಸುತ್ತಲೂ ಮೌನ ಇದ್ದರೆ ಕೋರಸ್‌ನಷ್ಟೇ ಜೋರಿರುವ ಕಿರುಚಾಟವೂ ಎದೆ ನಡುಗಿಸುತ್ತದೆ, ಅದನ್ನು ಮೀರಿ ಏರಿಸಬೇಕಾಗಿಲ್ಲ.

ಇಷ್ಟಕ್ಕೆ ನಿಮ್ಮ ಮುಂದಿರುವ ದಾರಿಗಳು ಏನು? ಬರೀ ಮಿಕ್ಸ್ ಬದಲಿಸುವುದು ಸುಲಭ. ಗುಡುಗು ಹೋಗುತ್ತದೆ, ರಿವರ್ಬ್ ಸರಿಯಾಗುತ್ತದೆ, ಆದರೆ ಆ ನಗು ಟೇಕ್‌ನಲ್ಲೇ ಉಳಿದಿರುತ್ತದೆ. ಎಲ್ಲವನ್ನೂ ಮೊದಲಿಂದ ರೆಕಾರ್ಡ್ ಮಾಡಬಹುದು. ಅದರಲ್ಲಿ ಅಪಾಯ ಇದೆ. ಎರಡನೇ ಸಲ ನುಡಿಸುವಾಗ ತಪ್ಪು ಕಡಿಮೆಯಾಗುತ್ತದೆ, ಜೊತೆಗೆ ಕಿಚ್ಚೂ ಕಡಿಮೆಯಾಗುತ್ತದೆ. ನಿಮ್ಮ ಡ್ರಮ್ಸ್ ಟೇಕ್‌ಗಳು ಚೆನ್ನಾಗಿವೆ, ಸುಮ್ನೆ ಮುಟ್ಟಬೇಡಿ. ನಾನಾಗಿದ್ದರೆ, ಕಾವಲುಗಾರನ ಹೈ-ಹ್ಯಾಟ್ ಮತ್ತು ಕನ್ನಡಿ ಹಾಡಿನ ಸ್ನೇರ್ ಬಿಟ್ಟು, ಉಳಿದ ಡ್ರಮ್ಸ್ ಮತ್ತು ಗಿಟಾರ್ ಹಾಗೇ ಇಟ್ಟು ದನಿಯನ್ನು ಮಾತ್ರ ಮತ್ತೆ ರೆಕಾರ್ಡ್ ಮಾಡುತ್ತೇನೆ, ರಕ್ತಪಿಶಾಚಿಯ ಹಾಡಿನಲ್ಲಿ ಬೇಸನ್ನೂ. ಹಾಡುವಾಗ ಕಾವಲುಗಾರನಾಗಿ ಹಾಡಿ. ಅವನಿಗೆ ಇದು ತಮಾಷೆಯಲ್ಲ, ಬಾಕಿ ಸಂಬಳದ ವಿಷಯ. ಕಿರುಚುವ ಭಾಗಗಳನ್ನು ದಿನದ ಕೊನೆಗೆ ಇಟ್ಟುಕೊಳ್ಳಿ, ಮೂರು ನಾಲ್ಕು ಟೇಕ್‌ಗಿಂತ ಜಾಸ್ತಿ ಬೇಡ, ಗಂಟಲು ನೋಯಲು ಶುರುವಾದರೆ ಅಲ್ಲೇ ನಿಲ್ಲಿಸಿ. ದನಿಪೆಟ್ಟಿಗೆ ಹಾಳಾದರೆ ಆಲ್ಬಮ್ ಬಿಡುಗಡೆಯ ಶೋ ಮಾಡುವವರು ಯಾರು?

ಮಾಸ್ಟರಿಂಗ್‌ನಲ್ಲಿ, ಅಂದರೆ ಬಿಡುಗಡೆಗೆ ಮೊದಲಿನ ಕೊನೆಯ ಹದದಲ್ಲಿ, ಎಲ್ಲವನ್ನೂ ಒತ್ತಿ ಜೋರು ಮಾಡುವ ಆಸೆ ಬರುತ್ತದೆ. ಸ್ಪಾಟಿಫೈನಂಥ ಸೇವೆಗಳು ಹಾಡಿನ ಜೋರನ್ನು ಸುಮಾರು –14 ಎಲ್‌ಯುಎಫ್‌ಎಸ್ (ಹಾಡಿನ ಒಟ್ಟು ಜೋರಿನ ಅಳತೆ) ಮಟ್ಟಕ್ಕೆ ತಾವೇ ತಂದುಬಿಡುತ್ತವೆ. ನೀವು ಒತ್ತಿದ್ದರಿಂದ ಸಿಗುವುದು ಏನೂ ಇಲ್ಲ, ಮೌನ ಮತ್ತು ಸದ್ದಿನ ನಡುವಿನ ಅಂತರ ಮಾತ್ರ ಹೋಗುತ್ತದೆ. ಹಾರರ್ ಆಲ್ಬಮ್‌ಗೆ ಆ ಅಂತರವೇ ಬಂಡವಾಳ.

ಉಳಿದದ್ದು ಸಿನಿಮಾ ತುಣುಕು. ಹಳೆಯ ಸಿನಿಮಾ ಅಂದ ಮಾತ್ರಕ್ಕೆ ಹಕ್ಕು ಮುಗಿದಿದೆ ಅಂತಲ್ಲ. ಡ್ರಾಕುಲಾ ಕಾದಂಬರಿ 1897ರದು, ಅದನ್ನು ಯಾರು ಬೇಕಾದರೂ ಬಳಸಬಹುದು. 1931ರ ಸಿನಿಮಾದ ಹಕ್ಕು ಬೇರೆ, ಅದು ಅಮೆರಿಕದಲ್ಲಿ 2026ರ ಕೊನೆಯವರೆಗೂ ಇದೆ. ಹಳೆಯ ಆರ್ಗನ್ ಸಂಗೀತಕ್ಕೂ ಇದೇ ಮಾತು. ಬಾಖ್ ಬರೆದದ್ದು ಎಲ್ಲರದೂ, ಆದರೆ ಅದನ್ನು ನುಡಿಸಿ ಮಾಡಿದ ಇತ್ತೀಚಿನ ರೆಕಾರ್ಡಿಂಗ್ ಎಲ್ಲರದಲ್ಲ. ತುಣುಕು ಐದು ಸೆಕೆಂಡಿನದಾದರೂ ಗುರುತು ಹಿಡಿಯುವ ಯಂತ್ರಗಳು ಹಿಡಿಯುತ್ತವೆ, ಹಾಡನ್ನು ತೆಗೆದುಹಾಕುತ್ತಾರೆ ಅಥವಾ ಅದರ ಆದಾಯ ಬೇರೆಯವರಿಗೆ ಹೋಗುತ್ತದೆ. ಲಿಖಿತ ಅನುಮತಿ ಸಿಗುವ ಹಾಗಿದ್ದರೆ ಪಡೆಯಿರಿ. ಇಲ್ಲವಾದರೆ ಆ ಜಾಗಕ್ಕೆ ನೀವೇ ಎರಡು ಸಾಲು ಬರೆಯಿರಿ. ನಿಮ್ಮ ಡ್ರಮ್ಮರ್ ದನಿ ಮೂರನೇ ಹಾಡಿನ ಕೊನೆಯಲ್ಲಿ ಹಿನ್ನೆಲೆಯಲ್ಲಿ ಕೇಳಿಸುತ್ತದೆ, "ಮುಗೀತಾ?" ಅಂತ ಕೇಳುತ್ತಾರಲ್ಲ. ದಪ್ಪ, ನಿದ್ದೆಗಣ್ಣಿನ, ಯಾವ ಭಾವನೆಯೂ ಇಲ್ಲದ ದನಿ. ಅವರ ಕೈಯಲ್ಲೇ ಓದಿಸಿ.